ಇಟ್ಟಿಗೆಗೂಡಿನ ಹೊಲದ ಉಂಗುರ

ಗುರುವಾರ ಸಂಜೆ ನಮ್ಮ ಕ್ಲಬ್ಬಿನವರೆಲ್ಲ ಸೇರುವುದು ಊರ ಪಬ್ಬಿನ ಹಿಂದಿನ ಕೋಣೆಯಲ್ಲಿ. ಮಣ್ಣಿನಡಿಯ ಲೋಹ ಪತ್ತೆಹಚ್ಚುವ ಡಿಟೆಕ್ಟರ್ ಹಿಡಿದು ಉತ್ತ ಹೊಲಗಳಲ್ಲಿ ಅಲೆಯುವ ನಮ್ಮಂಥವರನ್ನು ಕೆಸರು ಬೂಟಿನ ಸಮೇತ ಒಳಗೆ ಬಿಟ್ಟುಕೊಳ್ಳುವ ಜಾಗ ಅದೊಂದೇ. ಅಂದು ಮಧ್ಯಾಹ್ನ ಹಿಡಿದ ಮಳೆ ಬಿಟ್ಟಿರಲಿಲ್ಲ. ಇಂಗ್ಲೆಂಡಿನ ಈ ಸಫೋಕಿನ ನವೆಂಬರ್ ಮಳೆಗೆ ಗುಡುಗಿಲ್ಲ, ಸಿಡಿಲಿಲ್ಲ. ಸಮುದ್ರದ ಕಡೆಯಿಂದ ಅಡ್ಡಡ್ಡ ಬಂದು ಸದ್ದಿಲ್ಲದೆ ಕಾಲರಿನೊಳಗೆ ಇಳಿಯುತ್ತದೆ. ಒಲೆಯಲ್ಲಿ ಹಸಿ ಕೊರಡೊಂದು ಉರಿಯಲಾರದೆ ಹೊಗೆಯಾಡುತ್ತಿತ್ತು. ಮೇಜಿನ ಮೇಲೆ ಹಾಸಿದ ಹಳೆಯ ಟವೆಲಿನಲ್ಲಿ ಆ ವಾರ ಸಿಕ್ಕಿದ ವಸ್ತುಗಳಿದ್ದವು: ಸಿಪಾಯಿ ಕೋಟಿನ ಗುಂಡಿಗಳು, ಮುರುಕು ಬಕಲ್ಲು, ಸೀಸದ ಗುಂಡು, ಯಾವುದೋ ರಾಣಿಯ ಮುಖ ಸವೆದುಹೋದ ಒಂದು ಬೆಳ್ಳಿ ಬಿಲ್ಲೆ.

ಊರಿಗೆ ಹೊಸಬನಾದ ಗ್ಯಾರೆತ್ ತಡವಾಗಿ ಬಂದ. ಟೋಪಿಯ ನೀರು ಕೊಡವುತ್ತ, ಮುಖವೆಲ್ಲ ಅರಳಿಸಿಕೊಂಡು, ತನಗೆ ಇಟ್ಟಿಗೆಗೂಡಿನ ಹೊಲದಲ್ಲಿ ಹುಡುಕಲು ಅನುಮತಿ ಸಿಕ್ಕಿದೆ ಎಂದ. ಹೊಸ ಮಾಲೀಕರು ಒಂದೇ ಮಾತಿಗೆ ಒಪ್ಪಿದರಂತೆ. ಹಳಬರೆಲ್ಲ ತಂತಮ್ಮ ಗ್ಲಾಸಿನೊಳಗೆ ನೋಡಿಕೊಂಡರು.

“ಆ ಹೊಲಕ್ಕೆ ನಮ್ಮವರು ಹೋಗೋದಿಲ್ಲ,” ಎಂದೆ ನಾನು. ಕ್ಲಬ್ಬಿನ ಕಾರ್ಯದರ್ಶಿಯಾಗಿ ಅಷ್ಟು ಹೇಳುವುದು ನನ್ನ ಕೆಲಸ.

“ಯಾಕೆ, ಗೊಬ್ಬರದ ಜೊತೆ ತಗಡು, ಡಬ್ಬಿ ಎಲ್ಲ ಸುರಿದಿದಾರಾ? ಯಂತ್ರ ಬರೀ ಅದಕ್ಕೇ ಕೂಗುತ್ತಾ?”

ಒಲೆಯ ಪಕ್ಕದ ಕುರ್ಚಿಯಲ್ಲಿ ಆಲಿವ್ ಗ್ಯಾರಡ್ ಕೂತಿದ್ದರು. ಎಂಬತ್ತು ದಾಟಿದ ಹೆಂಗಸು. ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳಿಗೆಲ್ಲ ಸೈಕಲ್ಲಿನಲ್ಲಿ ಹೋಗುತ್ತಿದ್ದ ನರ್ಸು. ಈಗ ಡಿಟೆಕ್ಟರ್ ಹಿಡಿಯುವುದಿಲ್ಲ, ಗುರುವಾರ ತಪ್ಪಿಸುವುದಿಲ್ಲ. ಅವರು ಕಪ್ಪು ಬಿಯರಿನ ಗ್ಲಾಸನ್ನು ಕೆಳಗಿಟ್ಟು, ಪಕ್ಕದ ಸ್ಟೂಲನ್ನು ಕಾಲಿನಿಂದ ಗ್ಯಾರೆತ್‌ನ ಕಡೆ ತಳ್ಳಿದರು.

“ಕೂತ್ಕೊಳ್ಳಪ್ಪ. ನಾಯಿ ಕೂಡ ಹೊರಗೆ ಹೊರಡದಂಥ ಮಳೆ, ಎಲ್ಲಿಗೆ ಹೋಗ್ತೀಯ... ಆ ಹೊಲದ ವಿಷಯ ಇವ್ರು ಯಾರೂ ಹೇಳೋದಿಲ್ಲ. ಹೇಳೋಕೆ ಇವ್ರಿಗೆ ಬಾಯಿಲ್ಲ. ನಾನು ಹೇಳ್ತೀನಿ, ನನಗಿನ್ನು ಯಾರ ಹಂಗು? ಆ ಗೋಡೆ ಮೇಲಿನ ಫೋಟೋ ನೋಡಿದೀಯಲ್ಲ, ಮೂಗಿನ ತುದೀಲಿ ಕನ್ನಡಕ, ಕುತ್ತಿಗೇಲಿ ಹೆಡ್‌ಫೋನು? ಅವನು ನನ್ನ ತಮ್ಮ, ಡೆಸ್ಮಂಡ್ ಥರ್ಲೋ. ವರ್ಷಕ್ಕೊಂದು ಸಲ ಅವನ ಹೆಸರಲ್ಲಿ ಬಹುಮಾನದ ಕಪ್ ಕೊಡ್ತಾರೆ ಇಲ್ಲಿ. ಬದುಕಿದ್ದಾಗ ಇದೇ ಕೋಣೆಯಿಂದ ಎಬ್ಬಿಸಿ ಕಳಿಸಿದ್ರು. ಅದನ್ನ ಮಾತ್ರ ಕಪ್ಪಿನ ಮೇಲೆ ಕೆತ್ತಿಸಿಲ್ಲ.”

ಯಾರೋ ಕೆಮ್ಮಿದರು. ಆಲಿವ್ ಆ ಕಡೆ ತಿರುಗಲೂ ಇಲ್ಲ.

“ಡೆಸ್ಮಂಡ್ ಇದೇ ಊರಿನ ಶಾಲೇಲಿ ಬಾಗಿಲು ತೆಗೆಯೋದು, ಬಾಯ್ಲರ್ ಹಚ್ಚೋದು, ಮಕ್ಕಳು ವಾಂತಿ ಮಾಡಿದ್ರೆ ಮರದ ಹೊಟ್ಟು ಹಾಕಿ ಗುಡಿಸೋದು ಮಾಡ್ಕೊಂಡಿದ್ದ. ಮದುವೆ ಆಗ್ಲಿಲ್ಲ. ಶಾಲೆ ಬಿಡ್ತಿದ್ದ ಹಾಗೆ ಡಿಟೆಕ್ಟರು, ಗುದ್ದಲಿ, ಫ್ಲಾಸ್ಕಲ್ಲಿ ಚಹಾ ತಗೊಂಡು ಹೊಲಕ್ಕೆ ಹೊರಟುಬಿಡೋನು, ಜೇಡಿಮಣ್ಣು ಬೂಟಿಗೆ ಅಂಟಿ ಒಂದೊಂದು ಕಾಲೂ ಒಂದೊಂದು ಹಂದಿಮರಿ ತೂಕ ಆದ್ರೂ ಬೆಳಕು ಹೋಗೋವರೆಗೂ ವಾಪಸ್ ಬರ್ತಿರ್ಲಿಲ್ಲ. ಏನಪ್ಪಾ ಅಂಥ ಸುಖ ಅದರಲ್ಲಿ ಅಂತ ಕೇಳಿದ್ರೆ ನಗೋನು. ಹೆಡ್‌ಫೋನಲ್ಲಿ ಕಬ್ಬಿಣ ಗೊರಕೆ ಹೊಡೆಯುತ್ತೆ, ತಗಡು ಸುಳ್ಳು ಹೇಳುತ್ತೆ, ಬೆಳ್ಳಿ ಹಾಡುತ್ತೆ ಕಣೇ ಆಲಿವ್, ಅನ್ನೋನು. ಯಾವನೋ ಕುರಿ ಕಾಯೋನ ಜೇಬಿಂದ ಬಿದ್ದ ಬಿಲ್ಲೆ, ನೂರಾರು ವರ್ಷ ಕತ್ತಲಲ್ಲಿ ಮಲಗಿದ್ದು, ಅವನ ಕೈ ಬಿಟ್ಟ ಮೇಲೆ ಮೊದಲು ನನ್ನ ಕೈಗೇ ಬರೋದು, ಅದಕ್ಕಿಂತ ಏನು ಬೇಕು ಅನ್ನೋನು. ನಿಮಗೆಲ್ಲ ಗೊತ್ತಲ್ಲ ಆ ಸುಖ? ಗೊತ್ತಿರೋದಕ್ಕೇ ಇಲ್ಲಿ ಕೂತಿದೀರಿ.

ಆದ್ರೆ ನಾಣ್ಯಕ್ಕಿಂತ ಅವನಿಗೆ ಬೇರೆ ಹುಚ್ಚಿತ್ತು. ಕಳಕೊಂಡೋರ ಉಂಗುರ ಹುಡುಕಿಕೊಡೋದು. ಆಚೆ ಊರಲ್ಲಿ ಒಬ್ಬ ಮುದುಕಿ ಇದ್ರು, ಹೊಸ ಮದುವಣಗಿತ್ತಿ ಆಗಿದ್ದಾಗ ಹಿತ್ತಿಲಲ್ಲಿ ಆಲೂಗಡ್ಡೆ ನೆಡ್ತಾ ಉಂಗುರ ಕಳಕೊಂಡಿದ್ರಂತೆ, ಮಾರ್ಕೊಂಡು ತಿಂದೆ ಅಂತ ಗಂಡ ಸಾಯೋವರೆಗೂ ಹಂಗಿಸಿದ್ನಂತೆ. ಡೆಸ್ಮಂಡ್ ಅದನ್ನ ತೆಗೆದು ಅವರ ಕೈಗಿಟ್ಟ. ಆ ಮುದುಕಿ ಬಕೆಟ್ ಬೋರಲು ಹಾಕ್ಕೊಂಡು ಅದರ ಮೇಲೆ ಕೂತು ಅತ್ರು, ಆಮೇಲೆ ಎದ್ದು ಸೀದಾ ಸ್ಮಶಾನಕ್ಕೆ ಹೋಗಿ ಗಂಡನ ಗೋರಿ ಮುಂದೆ ನಿಂತು ಅವನಿಗೆ ಚೆನ್ನಾಗಿ ಬೈದು ಬಂದ್ರು. ಅದನ್ನ ಹೇಳ್ಕೊಂಡು ಡೆಸ್ಮಂಡ್ ತಿಂಗಳುಗಟ್ಟಲೆ ಖುಷಿಯಾಗಿದ್ದ. ಉಂಗುರದ ಡೆಸ್ಮಂಡ್ ಅಂತ ಸುತ್ತಲೂ ಹೆಸರಾಯ್ತು... ಆ ಹೆಸರೇ ಅವನಿಗೆ ಮುಳುವಾಯ್ತು ನೋಡಿ.

ಆಗ ಇಟ್ಟಿಗೆಗೂಡಿನ ಹೊಲ ರಾಲ್ಫ್ ಕಟಿಂಗ್‌ದು. ಒಣಕಲು ಮನುಷ್ಯ, ಮಾತು ಕಮ್ಮಿ, ಭಾನುವಾರ ಚರ್ಚಲ್ಲಿ ಗಂಟೆ ಹಗ್ಗ ಎಳೆಯೋನು. ಮನೇಲಿ ಅವನೂ ಮಗಳು ಹಿಲರೀನೂ ಇಬ್ಬರೇ. ಹಿಲರಿ ಟ್ರ್ಯಾಕ್ಟರ್ ಹೊಡೆಯೋಳು, ಹಂದಿ ಸಾಕೋಳು, ಗಂಡಸರಿಗಿಂತ ಗಟ್ಟಿ ಹೆಣ್ಣು. ತಾಯಿ ಐರಿಸ್, ಹಿಲರಿ ಇನ್ನೂ ಪುಟ್ಟ ಮಗುವಾಗಿದ್ದಾಗಲೇ ಏರ್‌ಬೇಸಿನ ಅಮೆರಿಕದ ಸೈನಿಕನ ಹಿಂದೆ ಓಡಿಹೋದ್ಳು ಅಂತ ಊರಿಗೆಲ್ಲ ಗೊತ್ತಿತ್ತು. ನೋಡಿದೋರು ಯಾರೂ ಇಲ್ಲ, ಗೊತ್ತಿದ್ದೋರು ಎಲ್ಲ... ಹಳ್ಳೀಲಿ ಹಾಗೇ ತಾನೇ? ಹೊಲದಲ್ಲಿ ಹುಡುಕೋಕೆ ರಾಲ್ಫ್ ಡೆಸ್ಮಂಡ್‌ಗೆ ಒಪ್ಪಿಗೆ ಕೊಟ್ಟಿದ್ದ. ಬಸಿಗಾಲುವೆ ಕಡೆ ಮಾತ್ರ ಹೋಗ್ಬೇಡ, ಕೆಸರಲ್ಲಿ ಹೂತುಹೋಗ್ತೀಯ ಅಂದಿದ್ದ.

ಇಂಥದೇ ನವೆಂಬರು. ಶಾಲೆ ಬಿಟ್ಟು ಡೆಸ್ಮಂಡ್ ಹೊಲದಲ್ಲಿದ್ದ, ತುಂತುರು ಹನೀತಿತ್ತು. ತಲೆ ಎತ್ತಿ ನೋಡಿದ್ರೆ ಗೇಟಿನ ಹತ್ರ ಒಬ್ಬ ಹೆಂಗಸು. ಬೂದು ಕೋಟು, ತಲೆಗೆ ಸ್ಕಾರ್ಫು, ಬಲಗೈ ಗೇಟಿನ ಮೇಲೆ, ಎಡಗೈ ಕೋಟಿನ ಜೇಬಲ್ಲಿ.

‘ನೀವೇನಾ ಉಂಗುರ ಹುಡುಕಿಕೊಡೋರು?’ ಅಂದ್ಳಂತೆ.

‘ಹೌದು. ಎಲ್ಲಿ ಕಳಕೊಂಡ್ರಿ?’

‘ಇದೇ ಹೊಲದಲ್ಲಿ, ಕಾಲುವೆ ಕಡೆ. ಬೀಟ್ ಗೆಡ್ಡೆ ಕೀಳೋ ಕಾಲದಲ್ಲಿ. ಒಳಗಡೆ ಆರ್, ಐ ಅಂತ ಎರಡಕ್ಷರ ಇದೆ.’

ಬೀಟ್ ಕೀಳೋ ಕಾಲ ಅಂದ್ರೆ ಹೋದ ವಾರ ಅಂದುಕೊಂಡ ಇವನು. ಒಳಗೆ ಬಂದು ಜಾಗ ತೋರಿಸಿ ಅಂದ್ರೆ, ‘ನಾನು ಒಳಗೆ ಬರೋ ಹಾಗಿಲ್ಲ, ಅವರಿಗೆ ಇಷ್ಟ ಆಗಲ್ಲ,’ ಅಂದ್ಳಂತೆ. ರಾಲ್ಫ್‌ಗೆ ತನ್ನ ಹೊಲದಲ್ಲಿ ಇನ್ನೊಬ್ಬರ ನೆರಳು ಬಿದ್ರೂ ಆಗ್ತಿರ್ಲಿಲ್ಲ, ಅದಕ್ಕೇ ಇರ್ಬೇಕು ಅಂತ ಇವನೂ ಸುಮ್ಮನಾದ. ಕೇಳಿದೋರಿಗೆ ಇಲ್ಲ ಅನ್ನೋ ಜಾಯಮಾನವೇ ಅಲ್ಲ ಅವನದು. ರಾಲ್ಫ್ ಬೇಡ ಅಂದಿದ್ರೂ ಕಾಲುವೆ ಪಕ್ಕ ಹುಡುಕೋಕೆ ಶುರು ಮಾಡಿದ. ದಿನಾ ಮಧ್ಯಾಹ್ನ ಹೋದಾಗಲೆಲ್ಲ ಅವಳು ಅಲ್ಲೇ, ಅದೇ ಗೇಟಲ್ಲಿ. ಹೆಸರು ಕೇಳಿದ್ರೆ ಐರಿಸ್ ಅಂದ್ಳು. ರಾಲ್ಫ್ ಹೆಂಡ್ತಿ ಹೋದಾಗ ಇವನಿನ್ನೂ ಚಿಕ್ಕ ಹುಡುಗ, ಅವಳ ಮುಖವೂ ಹೆಸರೂ ಇವನಿಗೆ ನೆನಪಿರ್ಲಿಲ್ಲ. ಬಾಡಿಗೆಗೆ ಕೊಡೋ ಕೌನ್ಸಿಲ್ ಮನೆಗಳಿಗೆ ಹೊಸದಾಗಿ ಬಂದೋಳು ಇರ್ಬೇಕು ಅಂದ್ಕೊಂಡ. ಪಾಪ, ಉಂಗುರ ಕಳೆದಿದ್ದಕ್ಕೆ ಗಂಡನಿಗೆ ಹೆದರ್ಕೊಂಡು ಹೀಗೆ ಮಳೇಲಿ ನಿಲ್ತಾಳೆ ಅಂತ ಮರುಗಿದ ಬೇರೆ.

ಆ ವಾರ ಜೋರು ಮಳೆ ಬಂದು ಕಾಲುವೆ ಏರಿ ಒಂದು ಕಡೆ ಕುಸೀತು. ಅಲ್ಲೇ ಸಿಕ್ತು ಸದ್ದು. ಚಿನ್ನದ ಸದ್ದು ನಿಮಗೆ ಗೊತ್ತಲ್ಲ, ಸಿಗರೇಟ್ ಪ್ಯಾಕಿನ ಹೊಳೆಯೋ ಹಾಳೆ ಥರಾನೇ ಮೆತ್ತಗೆ, ದುಂಡಗೆ, ಮೋಸದ ಸದ್ದು. ಅಗೆದ. ಮುಷ್ಟಿಯಷ್ಟು ಜೇಡಿಮಣ್ಣು ಮೇಲೆ ಬಂತು, ಅದರೊಳಗೆ ಉಂಗುರ, ಉಂಗುರದ ತೂತಲ್ಲಿ ಬೆಳ್ಳಗೆ, ತೆಳ್ಳಗೆ ಏನೋ ಒಂದು ಕಡ್ಡಿ. ಹಳೇ ಕಾಲದೋರು ಹೊಗೆಸೊಪ್ಪು ಸೇದ್ತಿದ್ದ ಮಣ್ಣಿನ ಪೈಪಿನ ತುಂಡು ಅಂದ್ಕೊಂಡ. ನಮ್ಮ ಹೊಲಗಳಲ್ಲಿ ಅದು ಎಷ್ಟು ಬೇಕಾದ್ರೂ ಸಿಗುತ್ತಲ್ಲ? ಎಳೆದು ಪಕ್ಕಕ್ಕಿಟ್ಟ. ಆಮೇಲೆ ಗುಂಡಿಯೊಳಗೆ ಬಗ್ಗಿ ನೋಡಿದ. ಇನ್ನೊಂದು ತುಂಡು... ಅದರ ಪಕ್ಕ ಇನ್ನೊಂದು... ಪೈಪಿನ ತುಂಡು ಯಾವತ್ತಾದ್ರೂ ಒಂದರ ಪಕ್ಕ ಒಂದು ಸಾಲಾಗಿ ಮಲಗಿರುತ್ತಾ?

ತಲೆ ಎತ್ತಿ ನೋಡಿದ್ರೆ ಗೇಟಲ್ಲಿ ಯಾರೂ ಇಲ್ಲ.

ನಿಯಮ ಗೊತ್ತಿದ್ದ ಮನುಷ್ಯ ಅವನು. ಮನುಷ್ಯರ ಮೂಳೆ ಸಿಕ್ಕಿದ್ರೆ ಮುಟ್ಟಬಾರದು, ಪೋಲೀಸರಿಗೆ ಹೇಳ್ಬೇಕು. ತೆಗೆದಿದ್ದನ್ನ ಇದ್ದ ಜಾಗದಲ್ಲೇ ಇಟ್ಟು, ಕೈಯಿಂದಲೇ ಮಣ್ಣು ಮುಚ್ಚಿ, ಉಂಗುರ ಮಾತ್ರ ತಗೊಂಡು ನನ್ನ ಅಡುಗೆಮನೆಗೆ ಬಂದ. ತೊಳೆದು ನೋಡಿದ್ರೆ ಆರ್, ಐ. ‘ಐರಿಸ್ ಅಂತೆ,’ ಅಂದ. ನಾನು ಕೈ ಒರೆಸ್ಕೊಂಡು ಅವನ ಕಡೆ ತಿರುಗಿದೆ.

‘ಈ ಊರಲ್ಲಿ ಐರಿಸ್ ಅಂತ ಇದ್ದೋಳು ಒಬ್ಬಳೇ ಕಣೋ. ರಾಲ್ಫ್ ಹೆಂಡ್ತಿ. ಇವತ್ತು ಬದುಕಿದ್ರೆ ಅರವತ್ತರ ಹತ್ರ ಇರ್ತಿದ್ಳು.’

‘ಇವಳಿಗೆ ಮೂವತ್ತೂ ಇಲ್ಲ ಆಲಿವ್,’ ಅಂದ. ಉಂಗುರಾನ ಬಟ್ಟೇಲಿ ಒರೆಸ್ತಾ, ‘ಮಳೇಲಿ ಅವಳ ಕೋಟು ನೆನೀತಿರ್ಲಿಲ್ಲ. ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದಿದೆ ಅಂತ ನನಗೆ ನಾನೇ ಒಪ್ಪಿಕೊಂಡಿರ್ಲಿಲ್ಲ,’ ಅಂದ.

ನೇರ ಪೋಲೀಸ್ ಸ್ಟೇಷನ್ನಿಗೆ ಹೋಗು ಅಂದೆ. ಕೇಳ್ಲಿಲ್ಲ. ಹೆತ್ತ ತಾಯಿ ವಿಷಯ, ಮಗಳಿಗೆ ಪೋಲೀಸರ ಬಾಯಿಂದ ತಿಳೀಬಾರದು, ನಾನೇ ಮೊದಲು ಹೇಳ್ಬೇಕು ಅಂದ. ಒಳ್ಳೇತನ ಅನ್ನೋದು ಎಷ್ಟು ದಡ್ಡ ನೋಡಿ.

ಆ ಮನೆ ಅಡುಗೆಕೋಣೇಲಿ ಹಿಲರಿ ಆಲೂಗಡ್ಡೆ ಸುಲೀತಿದ್ಳು, ರಾಲ್ಫ್ ಒಲೆ ಮುಂದೆ ಕೂತಿದ್ದ. ಡೆಸ್ಮಂಡ್ ಉಂಗುರಾನ ಮೇಜಿನ ಮೇಲಿಟ್ಟು, ಎಲ್ಲಿ ಸಿಕ್ತು, ಅದರ ಜೊತೆ ಏನಿತ್ತು, ಎಲ್ಲ ಹೇಳಿದ. ಯಾರು ಹುಡುಕೋಕೆ ಹೇಳಿದ್ದು ಅಂತಲೂ ಹೇಳಿದ. ಮುದುಕ ಉಂಗುರ ನೋಡಿದ. ನೋಡಿ ಏನಂದ ಗೊತ್ತಾ? ‘ಬಾಗಿಲು ಹಾಕು. ಗಾಳಿ ಬರ್ತಿದೆ,’ ಅಂದ. ಅಷ್ಟೇ.

ಹಿಲರಿ ಒದ್ದೆ ಕೈಯಲ್ಲೇ ಉಂಗುರ ಮುಚ್ಚಿಕೊಂಡ್ಳು. ‘ನಮ್ಮಮ್ಮ ಉಂಗುರ ಹಾಕ್ಕೊಂಡೇ ಓಡಿಹೋದ್ಳು, ಡೆಸ್ಮಂಡ್. ಊರಿಗೆಲ್ಲ ಗೊತ್ತು. ನೀವು ನೋಡಿದ್ದು ಪೈಪಿನ ತುಂಡು. ಇನ್ಮೇಲೆ ನಮ್ಮ ಹೊಲದಲ್ಲಿ ಕಾಲಿಡಬೇಡಿ,’ ಅಂದ್ಳು. ಬಾಗಿಲು ಅವಳೇ ಹಾಕಿದ್ಳು.

ಡೆಸ್ಮಂಡ್ ಬೆಳಿಗ್ಗೆ ಪೋಲೀಸರ ಜೊತೆ ಹೋಗೋ ಹೊತ್ತಿಗೆ ಹಿಲರಿ ಮಣ್ಣು ತೋಡೋ ಯಂತ್ರ ತಂದು ಬಸಿಗಾಲುವೆ ಉದ್ದಕ್ಕೂ ತೋಡಿ, ಆ ಕೆಸರನ್ನೆಲ್ಲ ಇಡೀ ಹೊಲಕ್ಕೆ ಹರವಿ, ಮೇಲೆ ನೇಗಿಲು ಹೊಡೀತಿದ್ಳು. ತಪ್ಪೇನು? ನವೆಂಬರಲ್ಲಿ ಎಲ್ರೂ ಕಾಲುವೆ ತೋಡಿಸ್ತಾರೆ. ಕಾನ್‌ಸ್ಟೇಬಲ್ಲು ರಾಲ್ಫ್ ಜೊತೆ ಚರ್ಚಲ್ಲಿ ಗಂಟೆ ಎಳೆಯೋನು. ಕೋಲು ಹಿಡಿದು ಎರಡು ಸಾಲು ನಡೆದ, ಒಂದು ಮೂಳೆ ಎತ್ತಿ ಕುರೀದು ಅಂದ, ಒಳಗೆ ಹೋಗಿ ಚಹಾ ಕುಡಿದು ಹೋದ.

ಆಮೇಲೆ ಊರು ನಕ್ತು. ಪೇಪರಲ್ಲಿ ಹೆಸರು ಬರ್ಲಿ ಅಂತ ದೆವ್ವದ ಕತೆ ಕಟ್ಟಿದ ಅಂದ್ರು. ಇಂಥೋನನ್ನ ಬಿಟ್ಕೊಂಡ್ರೆ ನಾಳೆ ನಮ್ಮ ಹೊಲದಲ್ಲೂ ಹೆಣ ಇದೆ ಅಂತಾನೆ ಅಂತ ರೈತರು ಒಬ್ಬರಾದ ಮೇಲೆ ಒಬ್ಬರು ಕ್ಲಬ್ಬಿಗೆ ಕೊಟ್ಟಿದ್ದ ಅನುಮತಿ ವಾಪಸ್ ತಗೊಂಡ್ರು. ಇಲ್ಲೇ, ಈ ಕೋಣೇಲೇ ಸಭೆ ಸೇರಿತು. ಆಗ ಅಧ್ಯಕ್ಷ ಯಾರು ಅಂದ್ಕೊಂಡ್ರಿ? ನನ್ನ ಗಂಡ ಕ್ಲೆಮೆಂಟ್. ‘ನಿನ್ನೊಬ್ಬನಿಂದ ಎಲ್ಲರ ಹೊಲ ಹೋಗ್ತಿದೆ ಡೆಸ್ಮಂಡ್, ನೀನೇ ಅರ್ಥ ಮಾಡ್ಕೋ,’ ಅಂದ. ಹಿಂದಿನಿಂದ ಯಾವನೋ, ‘ನಿನ್ನ ಗೆಳತಿಗೆ ಇನ್ನೇನು ಕಳೆದಿದೆ ಕೇಳಪ್ಪ, ಎಲ್ಲ ಸೇರಿ ಹುಡುಕೋಣ,’ ಅಂದ. ಎಲ್ರೂ ನಕ್ಕರು. ಡೆಸ್ಮಂಡ್ ಟೋಪಿ ಹಾಕ್ಕೊಂಡು ಎದ್ದು ಹೋದ. ಅವತ್ತಿಂದ ನಾನೂ ಕ್ಲೆಮೆಂಟೂ ಒಂದೇ ಸೂರಿನ ಕೆಳಗಿದ್ವಿ, ಅಷ್ಟೇ.”

ಆಲಿವ್ ಗ್ಲಾಸ್ ಎತ್ತಿ ನೋಡಿ, ಕುಡಿಯದೆ ಹಾಗೆಯೇ ಇಟ್ಟರು. ಕಿಟಕಿಯ ಗಾಜಿನ ಮೇಲೆ ನೀರು ಹರಿಯುತ್ತಿತ್ತು. ಗ್ಯಾರೆತ್ ಟೋಪಿಯನ್ನು ಮೊಣಕಾಲಿನ ಮೇಲೆ ಹಿಂಡುತ್ತ ಕೂತಿದ್ದ.

“ಅವನು ಇನ್ನೊಂದು ಸಲ ಆ ಗೇಟಿಗೆ ಹೋದ. ಯಂತ್ರ ಇಲ್ಲದೆ, ಬರಿಗೈಯಲ್ಲಿ. ಒಪ್ಪಿಕೊಂಡ ಕೆಲಸ, ಉತ್ತರ ಕೊಡ್ಬೇಕಲ್ಲ? ಅವಳು ನಿಂತಿದ್ಳು.

‘ಸಿಕ್ತಾ?’ ಅಂದ್ಳು.

‘ಸಿಕ್ತು. ನಿಮ್ಮ ಮಗಳಿಗೆ ಕೊಟ್ಟೆ.’

ಅವಳ ಮುಖ ಅರಳ್ತಂತೆ... ಅದನ್ನ ಹೇಳುವಾಗ ನನ್ನ ತಮ್ಮ ಅತ್ತ. ‘ಹಾಕ್ಕೊಂಡ್ಳಾ? ನನ್ನ ಬೆರಳು ಬಹಳ ತೆಳ್ಳಗೆ. ಅವಳಿಗೆ ಸರಿಹೋಯ್ತಾ?’ ಅಂತ ಕೇಳಿದ್ಳಂತೆ. ಏನು ಹೇಳ್ಬೇಕಿತ್ತು ಅವನು? ನೀವಾಗಿದ್ರೆ ಏನು ಹೇಳ್ತಿದ್ರಿ? ‘ಸರಿಹೋಯ್ತು,’ ಅಂದ. ಜನ್ಮದಲ್ಲಿ ಅವನು ಹೇಳಿದ್ದು ಅದೊಂದೇ ಸುಳ್ಳು ಇರ್ಬೇಕು. ಅವಳು ಗೇಟು ಬಿಟ್ಟು, ಮಗಳನ್ನ ನೋಡೋಕೆ ಅಂತ, ಮನೆ ಕಡೆ ರಸ್ತೇಲಿ ನಡ್ಕೊಂಡು ಹೋದ್ಳು.

ಡೆಸ್ಮಂಡ್ ಮತ್ತೆ ಡಿಟೆಕ್ಟರ್ ಮುಟ್ಲಿಲ್ಲ. ಶೆಡ್ಡಲ್ಲಿ ನೇತುಹಾಕಿದ. ಶಾಲೇಲಿ ಮಕ್ಕಳು ಹಿಂದಿಂದ ಬಂದು ‘ಸಿಕ್ತಾ, ಸಿಕ್ತಾ’ ಅಂತ ಕೂಗಿ ಓಡೋವು. ಹುಡುಕಿದ್ದೇ ತಪ್ಪಾಯ್ತು ಕಣೇ ಅನ್ನೋನು ನನ್ನ ಹತ್ರ. ಕೆಲವು ಚಳಿಗಾಲ ಕಳೆದು ಎದೆ ಕಟ್ಟಿ ಹೋದ. ನೀವೆಲ್ಲ ಗೋರಿಗೆ ದೊಡ್ಡ ಹೂವಿನ ಚಕ್ರ ತಂದಿದ್ರಿ.

ರಾಲ್ಫ್ ಅದಕ್ಕೂ ಮೊದಲೇ ಸತ್ತಿದ್ದ, ಹಾಸಿಗೇಲಿ, ನೆಮ್ಮದಿಯಾಗಿ. ಗಂಟೆ ಬಾರಿಸಿ ಮಣ್ಣು ಮಾಡಿದ್ರು. ಹಿಲರಿ ಒಬ್ಬಳೇ ಉಳಿದ್ಳು. ಅಡುಗೆಕೋಣೆ ಕಿಟಕಿಗೆ ಹಗಲೂ ಪರದೆ. ಯಾರನ್ನೂ ಮನೆಗೆ ಸೇರಿಸ್ತಿರ್ಲಿಲ್ಲ. ಸಕ್ಕರೆ ಕಾಯಿಲೆ ಬಂದು ಕಾಲು ಕೊಳೀತು ನೋಡಿ, ಆಗ ನರ್ಸು ಬೇಕಾಯ್ತು. ನಾನೇ ಹೋಗ್ತಿದ್ದೆ. ಆ ಮನೆಗೆ ಯಾಕೆ ಹೋದೆ ಅಂತೀರಾ? ಗಾಯಕ್ಕೆ ಗುರುತು ಪರಿಚಯ ಇರೋದಿಲ್ಲ.

ಮೊದಲ ದಿನ ಬ್ಯಾಂಡೇಜ್ ಸುತ್ತುವಾಗ ನೋಡ್ದೆ. ಎಡಗೈ ಬೆರಳಲ್ಲಿ ಆ ಉಂಗುರ. ಬೆರಳು ಊದಿಕೊಂಡು ಮಾಂಸ ಅದನ್ನ ನುಂಗ್ತಿತ್ತು. ಇದನ್ನ ಕತ್ತರಿಸಿ ತೆಗೀಬೇಕು ಹಿಲರಿ ಅಂದೆ.

‘ಬೇಡ,’ ಅಂದ್ಳು. ‘ಅದನ್ನ ಹಾಕ್ಕೊಂಡ ಮೇಲೇ ಅಮ್ಮ ಉಂಗುರದ ಮಾತು ಬಿಟ್ಟಿದ್ದು. ಈಗ ಬೇರೆ ಕೇಳ್ತಾಳೆ.’

‘ಏನು ಕೇಳ್ತಾಳೆ?’

‘ಉಳಿದ ನನ್ನನ್ನ ಎಲ್ಲಿ ಹಾಕಿದೆ ಅಂತ. ಮಧ್ಯಾಹ್ನ ಆದ್ರೆ ಆ ಕಿಟಕಿ ಹತ್ರ ಬಂದು ನಿಲ್ತಾಳೆ. ಬೈಯಲ್ಲ, ಅಳಲ್ಲ. ಮಗಳನ್ನ ಕೇಳೋ ಹಾಗೆ ಮೆತ್ತಗೆ ಕೇಳ್ತಾಳೆ... ಹಿಲರಿ, ಉಳಿದ ನನ್ನನ್ನ ಎಲ್ಲಿ ಹಾಕಿದೆ ಮಗಾ ಅಂತ.’

ನನ್ನ ತಮ್ಮನ ಬಾಳು ಮಣ್ಣು ಮಾಡಿದೋಳು ಇವಳು. ಕೇಳೇಬಿಟ್ಟೆ, ‘ನಿನಗೆ ಮೊದಲೇ ಗೊತ್ತಿತ್ತಾ?’

ಒಲೆ ಕಡೆ ನೋಡ್ತಾ ಹೇಳಿದ್ಳು. ‘ನಾನಾಗ ಚಿಕ್ಕೋಳು. ಈ ಕಿಟಕೀಲಿ ನಿಂತಿದ್ದೆ. ಅಪ್ಪ ಕಾಲುವೆ ಹತ್ರ ಅಗೀತಿದ್ದ. ಒಳಗೆ ಬಂದು, ನಾಯಿ ಸತ್ತೋಯ್ತು, ಹೂಳ್ತಿದ್ದೆ ಅಂದ. ಹ್ಞೂಂ ಅಂದೆ. ನಾಯಿ ನನ್ನ ಪಕ್ಕದಲ್ಲೇ ಕೂತಿತ್ತು.’

ಯಾಕೆ ಹಾಗೆ ಮಾಡಿದೆ, ಅಮ್ಮನ ಮೂಳೆನೆಲ್ಲ ಉತ್ತು ಯಾಕೆ ಚೆಲ್ಲಿದೆ ಅಂದೆ. ‘ಹುಟ್ಟಿದಬ್ಬ ಬಂದಾಗಲೆಲ್ಲ ಅವಳಿಗೆ ಶಾಪ ಹಾಕ್ತಿದ್ದೆ, ಬಿಟ್ಟುಹೋದ್ಳು ಅಂತ. ಅವಳು ಹೋಗೇ ಇಲ್ಲ, ನಮ್ಮ ಹೊಲದ ಅಂಚಲ್ಲೇ ಇದಾಳೆ ಅಂದ್ರೆ ನಾನು ಇಷ್ಟು ವರ್ಷ ಬೈದಿದ್ದು ಯಾರಿಗೆ? ಅಪ್ಪನ ಬಟ್ಟೆ ಒಗೆದೆನಲ್ಲ, ಅಪ್ಪನಿಗೆ ಊಟ ಬಡಿಸಿದೆನಲ್ಲ, ಅದು ಯಾರಿಗೆ?’ ಅಂದ್ಳು. ನನ್ನ ತಮ್ಮನ ಹೆಸರು ಅವಳ ಬಾಯಿಂದ ಒಂದು ಸಲ ಬಂದೀತೇನೋ ಅಂತ ಕಾದೆ. ಬರ್ಲಿಲ್ಲ.

ಆ ಚಳಿಗಾಲದಲ್ಲೇ ಸತ್ತಳು. ಉಂಗುರದ ಸಮೇತ ಹೂಳಿದ್ರು.”

ಅಷ್ಟು ಹೇಳಿ ಆಲಿವ್ ಎದ್ದು ಕೋಟು ಕೈಗೆತ್ತಿಕೊಂಡರು. ಗ್ಯಾರೆತ್ ಎದ್ದು ತೋಳು ಹಾಕಿಕೊಳ್ಳಲು ನೆರವಾದ. “ಹಾಗಾದ್ರೆ ಈಗ ಆ ಹೊಲದಲ್ಲಿ...” ಎಂದು ಅರ್ಧಕ್ಕೆ ನಿಲ್ಲಿಸಿದ.

“ಹೋಗಪ್ಪ, ಬೇಡ ಅನ್ನಲ್ಲ. ನಿನಗೆ ಅನುಮತಿ ಇದೆ, ಆ ಮಣ್ಣಲ್ಲಿ ಬೆಳ್ಳೀನೂ ಇದೆ. ಆದ್ರೆ ಅಲ್ಲಿ ಬೇಕಾಗಿರೋದನ್ನ ಹುಡುಕಿಕೊಡೋಕೆ ನಿನ್ನ ಯಂತ್ರದ ಕೈಲಾಗೋದಿಲ್ಲ. ಅದು ಲೋಹಕ್ಕೆ ಕೂಗುತ್ತೆ, ಮೂಳೆಗೆ ಕೂಗೋದಿಲ್ಲ.” ಅವರು ಸ್ಕಾರ್ಫಿನ ಗಂಟು ಬಿಗಿದುಕೊಂಡರು. “ಮೊನ್ನೆ ಹಲ್ಲಿನ ಡಾಕ್ಟರ ಹತ್ರ ಹೋಗಿ ಬಸ್ಸಲ್ಲಿ ಬರ್ತಿದ್ದೆ. ಮಧ್ಯಾಹ್ನ, ಚೆನ್ನಾಗಿ ಬೆಳಕಿತ್ತು. ಹೊಸ ಮಾಲೀಕರು ಹೊಲಕ್ಕೆ ನೇಗಿಲು ಹೊಡೆಸ್ತಿದ್ರು. ಟ್ರ್ಯಾಕ್ಟರ್ ಹಿಂದೆ, ಕಡಲಹಕ್ಕಿಗಳ ಮಧ್ಯೆ, ಬ್ಯಾಂಡೇಜಿನ ಕಾಲು ಎಳೀತಾ ಹಿಲರಿ ಬಗ್ಗಿ ಬಗ್ಗಿ ಬಿಳೀದು ಏನೋ ಆರಿಸಿ ಮಡಿಲಿಗೆ ಹಾಕ್ಕೋತಿದ್ಳು. ಅವಳಮ್ಮ ಗೇಟಲ್ಲಿ ನಿಂತು ನೋಡ್ತಿದ್ಳು, ಕೈ ಜೋಡಿಸ್ತಿರ್ಲಿಲ್ಲ. ಬಸ್ಸು ತಿರುಗೋವರೆಗೂ ನೋಡ್ದೆ... ಮಡಿಲು ತುಂಬೋಕೆ ಇನ್ನೂ ಬಹಳ ವರ್ಷ ಬೇಕು.”